ಇಪ್ಪತ್ತೇಳು ಕುಂದುಕೊರತೆಗಳ ಬೀದಿ

ಹರಿಹರ
೩-೧೧-೨೦೨೫

ಇಂದ: ಸಣ್ಣಬೀರಪ್ಪ, ತಾಲ್ಲೂಕು ಕಚೇರಿ ಎದುರಿನ ಅರ್ಜಿ ಬರಹಗಾರ (ನಿವೃತ್ತ), ಹರಿಹರ.
ಗೆ: ಚಿ. ಸೌ. ಚೈತ್ರಾ ಕೋಂ ನಿಂಗರಾಜ್, ಬಾಡಿಗೆ ಮನೆ, ನಿಟ್ಟುವಳ್ಳಿ, ದಾವಣಗೆರೆ.
ಮುಖಾಂತರ: ಅಳಿಯಂದಿರ ಊಟದ ಡಬ್ಬಿಯ ಚೀಲ.
ವಿಷಯ: ಸ್ವಂತ ಮನೆ ಕೊಳ್ಳುವ ಮುನ್ನ ನೆರೆಹೊರೆಯ ಭದ್ರತೆಯನ್ನೂ ಓಡಾಟದ ದೂರವನ್ನೂ ಪರಿಶೀಲಿಸುವ ಬಗ್ಗೆ.

ಪ್ರಕರಣದ ವಿವರಗಳು ಈ ಕೆಳಕಂಡಂತಿವೆ:

೧. ಅರ್ಜಿದಾರಳು ಈ ಪತ್ರ ಬರೆಯುತ್ತಿರುವವನ ಒಬ್ಬಳೇ ಮಗಳು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಸದರಿಯವಳ ಪತಿ ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರ್. ದಿನವೂ ನಿಟ್ಟುವಳ್ಳಿಯಿಂದ ಬೈಕಿನಲ್ಲಿ ಬಂದು ಹೋಗುತ್ತಾರೆ; ಹೋಗುವಾಗ ನಮ್ಮ ಮನೆಗೂ ಹಣಿಕಿ ಹಾಕುತ್ತಾರೆ.

೨. ದಂಪತಿ ಎರಡು ಮನೆಗಳನ್ನು ಮೆಚ್ಚಿರುತ್ತಾರೆ. (ಅ) ನಿಟ್ಟುವಳ್ಳಿಯಿಂದಾಚೆ, ಗೋಕಟ್ಟೆ ಬಡಾವಣೆಯ ನಾಲ್ಕನೇ ಅಡ್ಡರಸ್ತೆಯ ಮನೆ. (ಆ) ಹರಿಹರದ ಅಂಚಿನಲ್ಲಿ ಹೊಸದಾಗಿ ಎದ್ದಿರುವ, ಸುತ್ತ ಕಾಂಪೌಂಡ್ ಇರುವ ‘ಸಿರಿ ಎನ್‌ಕ್ಲೇವ್’ ಎಂಬ ಬಡಾವಣೆಯ ಮನೆ.

೩. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಆ ವಿಚಾರ ಇಲ್ಲಿ ಅಪ್ರಸ್ತುತ.

೪. ಈ ತಿಂಗಳ ಮೂವತ್ತರೊಳಗೆ ಒಂದಕ್ಕೆ ಮುಂಗಡ ಕೊಡದಿದ್ದರೆ ಎರಡೂ ಕೈತಪ್ಪುವ ಸಂಭವವಿರುತ್ತದೆ.

ನಿನ್ನೆ ಫೋನಿನಲ್ಲಿ ನೀನು, ‘ಅಪ್ಪ, ಯಾವ್ದು ತಗಳಾಣ, ನೀವೇ ಹೇಳ್ರಿ’ ಎಂದು ಕೇಳಿದೆ. ಫೋನಿನಲ್ಲಿ ಆಡಿದ ಮಾತಿಗೆ ಸ್ವೀಕೃತಿ ಇರುವುದಿಲ್ಲ. ಮಾರನೆಯ ದಿನ ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ಇಬ್ಬರೂ ಸಾಧಿಸಬಹುದು. ಆದಕಾರಣ ಈ ವಿಷಯದ ಚರ್ಚೆಯೆಲ್ಲ ಬರಹದಲ್ಲೇ ನಡೆಯತಕ್ಕದ್ದು. ಮೂವತ್ತೊಂದು ವರ್ಷ ಜನರ ಅಹವಾಲುಗಳ ಶುದ್ಧಪ್ರತಿ ತೆಗೆದ ಕೈ ಇದು. ನಾನು ಬರೆದ ಪ್ರತಿಯಲ್ಲಿ ಚಿತ್ತುಕಾಟು ಇದೆಯೆಂದು ಯಾವ ಕಚೇರಿಯಿಂದಲೂ ವಾಪಸು ಬಂದ ಉದಾಹರಣೆ ಇಲ್ಲ. ಎರಡೂ ಕಡೆ ನಾನೇ ಖುದ್ದಾಗಿ ಸ್ಥಳ ಪರಿಶೀಲನೆ ನಡೆಸಿ ವರದಿ ಸಲ್ಲಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮಾತು ಕೊಡಬಾರದು.

ನಿನ್ನ ಅವ್ವ ಅಂಜಿನವ್ವ ನನ್ನ ಹೆಗಲ ಮೇಲಿಂದ ಇಣುಕಿ, ‘ಮಗಳಿಗೆ ಬರೀತೀರೋ, ತಹಶೀಲ್ದಾರ್ರಿಗೋ? ಉಂಡ್ಯಾ ಅಂತ ಒಂದ್ ಮಾತು ಕೇಳ್ರಿ’ ಎನ್ನುತ್ತಿದ್ದಾಳೆ. ಕೇಳಲಾಗಿದೆ.

ಸಹಿ/-
ಸಣ್ಣಬೀರಪ್ಪ


ನಿಟ್ಟುವಳ್ಳಿ
೪-೧೧-೨೦೨೫

ಅಪ್ಪ,

ಉಂಡೆ. ಅವ್ವನಿಗೆ ಹೇಳಿ.

ಇವರು ನಿಮ್ಮ ಪತ್ರವನ್ನು ಡಬ್ಬಿಯ ಚೀಲದಿಂದ ಎರಡೂ ಕೈಯಲ್ಲಿ ಎತ್ತಿ ಕೊಟ್ಟು, ‘ಮಾವಾರು ಸೀಲ್ ಒಂದು ಹಾಕಿಲ್ಲ ನೋಡು’ ಎಂದರು. ಮೂಲೆಗೆ ಚಟ್ನಿಪುಡಿಯ ಎಣ್ಣೆ ತಗುಲಿದೆ. ಅದನ್ನೇ ಸೀಲು ಎಂದು ತಿಳಿದು ಸ್ವೀಕರಿಸಿದ್ದೇನೆ.

ಓಡಾಟದ ವಿವರ ಕೊಡುತ್ತೇನೆ, ನಿಮ್ಮ ಫೈಲಿಗೆ ಬೇಕಾಗುತ್ತದೆ. ತಿಂಗಳಲ್ಲಿ ಹದಿನೈದು ದಿನ ನನಗೆ ಎರಡನೇ ಪಾಳಿ. ಮಧ್ಯಾಹ್ನ ಎರಡಕ್ಕೆ ಹೋದರೆ ಬಿಡುವುದು ರಾತ್ರಿ ಒಂಬತ್ತಕ್ಕೆ. ಗೋಕಟ್ಟೆಯಿಂದ ಆಸ್ಪತ್ರೆಗೆ ಸ್ಕೂಟಿಯಲ್ಲಿ ಹನ್ನೆರಡು ನಿಮಿಷ. ಸಿರಿಯಿಂದ ಮುಕ್ಕಾಲು ಗಂಟೆ, ಅದರಲ್ಲಿ ಅರ್ಧ ಗಂಟೆ ಹೆದ್ದಾರಿಯ ಲಾರಿಗಳ ಜೊತೆ. ಇವರಿಗೆ ಅದೇ ತಿರುಗಾಮುರುಗಾ: ಸಿರಿಯಿಂದ ಕಾರ್ಖಾನೆಗೆ ಹತ್ತು ನಿಮಿಷ, ಗೋಕಟ್ಟೆಯಿಂದ ಮುಕ್ಕಾಲು ಗಂಟೆ. ಒಬ್ಬರಿಗೆ ಉಳಿಸಿದ ದೂರವನ್ನು ಇನ್ನೊಬ್ಬರ ತಲೆಗೆ ಕಟ್ಟಬೇಕು. ಹಾಗಾಗಿ ದೂರದ ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಯಿತು. ಉಳಿದದ್ದು ಜಾಗ ಎಂಥದು ಎಂಬ ಮಾತು.

ಹೋದ ತಿಂಗಳು ನಮ್ಮ ವಾರ್ಡಿನ ಸುಧಾ ಸಿಸ್ಟರ್ ಪಾಳಿ ಮುಗಿಸಿ ಮನೆಗೆ ಹೋಗುವಾಗ ಬೈಕಿನಲ್ಲಿ ಇಬ್ಬರು ಅವರ ಬೀದಿಯವರೆಗೂ ಹಿಂದೆ ಹಿಂದೆಯೇ ಬಂದರಂತೆ. ಯಾವುದೋ ಕಟ್ಟೆಯ ಮೇಲಿದ್ದ ಅಜ್ಜಿ ‘ಯಾರದು?’ ಎಂದು ಜೋರಾಗಿ ಕೇಳಿದ್ದಕ್ಕೆ ಗಾಡಿ ತಿರುಗಿಸಿಕೊಂಡು ಹೋದರಂತೆ. ಆದ್ದರಿಂದ ನನ್ನ ಪ್ರಶ್ನೆ ಒಂದೇ ಅಪ್ಪ. ರಾತ್ರಿ ಒಂಬತ್ತೂಕಾಲಿಗೆ ನಾನು ಸ್ಕೂಟಿ ನಿಲ್ಲಿಸಿ ಗೇಟು ತೆಗೆಯುವಾಗ, ಆ ಬೀದಿಯಲ್ಲಿ ‘ಯಾರದು?’ ಎಂದು ಕೇಳುವವರು ಇದ್ದಾರಾ? ಇಷ್ಟು ನೋಡಿ ಬಂದರೆ ಸಾಕು.

ಇನ್ನೊಂದು. ಕಚೇರಿ ಎದುರು ಕೂರುತ್ತಿದ್ದ ಕಾಲದ ಆ ಹಳೆಯ ಫೈಲನ್ನು ಹಿಡಿದುಕೊಂಡು ಹೋಗಬೇಡಿ. ಅದನ್ನು ಕಂಡರೆ ಜನ ನಿಮ್ಮನ್ನು ಬೇರೆ ಏನೋ ಅಂದುಕೊಳ್ಳುತ್ತಾರೆ.

ನಿಮ್ಮ ಮಗಳು
ಚೈತ್ರಾ


ಹರಿಹರ
೧೦-೧೧-೨೦೨೫

ವಿಷಯ: ಸ್ಥಳ ಪರಿಶೀಲನಾ ವರದಿ ಸಲ್ಲಿಸುವ ಬಗ್ಗೆ.
ಉಲ್ಲೇಖ: ಅರ್ಜಿದಾರಳ ದಿನಾಂಕ ೪ರ ಪತ್ರ, ಎಣ್ಣೆಯ ಕಲೆ ಕುರಿತ ಕುಚೋದ್ಯ ಸಹಿತ.

ಫೈಲು ಕೊಂಡೊಯ್ಯಲಾಯಿತು. ಫೈಲಿಲ್ಲದೆ ಹೋಗುವುದಕ್ಕೆ ವಾಯುವಿಹಾರ ಎನ್ನುತ್ತಾರೆ, ಪರಿಶೀಲನೆ ಎನ್ನುವುದಿಲ್ಲ.

ಶನಿವಾರ ಬೆಳಿಗ್ಗೆ ಗೋಕಟ್ಟೆ ಬಡಾವಣೆಯ ನಾಲ್ಕನೇ ಅಡ್ಡರಸ್ತೆಗೆ ತಲುಪಿ, ಪಾಲಯ್ಯ ಎಂಬುವರ ಕಿರಾಣಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು, ಕನ್ನಡಕ ಧರಿಸಿ, ಕಾಗದ ಹರವಿ, ‘ಇಲ್ಲಿ ಕುಂದುಕೊರತೆ ಏನಾದರೂ ಇದೆಯೇ?’ ಎಂಬ ಒಂದೇ ಪ್ರಶ್ನೆ ಕೇಳಿದೆ. ಅನಂತರದ್ದು ನನ್ನ ಹತೋಟಿಯಲ್ಲಿ ಉಳಿಯಲಿಲ್ಲ.

‘ಬರ್ಕಳ್ರಿ ಸಾಹೇಬ್ರ’ ಎಂದರು ಪಾಲಯ್ಯ. ‘ಮೂರನೇ ಕಂಬದಿಂದ ಏಳನೇ ಕಂಬದ ತನಕ ಲೈಟೇ ಇಲ್ಲ. ಎಂಟು ತಿಂಗ್ಳಾತು.’

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಮೆಹರ್ ಬಾನು ಎಂಬಾಕೆ ಕೊರಳಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದರು. ‘ಅದಕ್ಕಿಂತ ಮೊದ್ಲು ನಾಯಿ ಬರ್ಕಳ್ರಿ. ಓಣಿಗೆ ಹೊಸಬ್ರು ಕಾಲಿಟ್ರೆ ಸಾಕು, ಎಲ್ರೂ ಎದ್ದು ಕೂಡ್ರಂಗ ಬೊಗಳ್ತಾವೆ.’

ಎದುರು ಮನೆಯ ಉಡಚಮ್ಮ ಎಂಬ ವೃದ್ಧೆ ಕಟ್ಟೆಯ ಮೇಲಿಂದಲೇ ಕೂಗಿದರು: ‘ಏ, ಆಕೀ ಮಷೀನ್ ಸದ್ದೂ ಬರೀರಿ. ರಾತ್ರಿ ಹತ್ತರ ತನಕ ಕಟಕಟ ಕಟಕಟ. ನಂಗೆ ಹೆಂಗೆ ನಿದ್ದಿ ಬರಬೇಕು?’

‘ನಿಮ್ ರೇಡಿಯೋ ಉಡಚಮ್ಮಾರ? ಅದನ್ನ ಯಾರ್ ಬರೀಬೇಕು?’

‘ಅದು ಭಜನಿ ಕಣವ್ವ!’

‘ಭಜನಿ ಆದ್ರ ಯಾಕ ಹಂಗ ಒದರ್ತೈತೆ?’

ಎರಡನ್ನೂ ಪ್ರತ್ಯೇಕ ಕ್ರಮಾಂಕದಡಿ ದಾಖಲಿಸಿಕೊಂಡೆ. ಒಂದೂವರೆ ಗಂಟೆಯಲ್ಲಿ ಹತ್ತೊಂಬತ್ತು ಜನರಿಂದ ಇಪ್ಪತ್ತೇಳು ಕುಂದುಕೊರತೆಗಳು ಬಂದವು. ರಾತ್ರಿ ಬೀದಿಯಲ್ಲಿ ಷಟಲ್ ಆಡುವವರ ಗದ್ದಲ, ಮೋರಿಯ ಕಲ್ಲಿನ ಮೇಲೆ ಕುಳಿತು ಹರಟುವವರ ನಗೆ, ಪಾಲಯ್ಯನವರು ಒಂಬತ್ತೂವರೆಗೆ ಎಳೆಯುವ ಶೆಟರಿನ ಕಿರುಚು, ಯಾರದೋ ಮನೆಯ ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗುವುದು ಇತ್ಯಾದಿ. ಮೂರು ಲೋಟ ಚಹಾ ಕೊಟ್ಟರು. ಅದು ತನಿಖೆಯ ಮೇಲೆ ಯಾವುದೇ ಪ್ರಭಾವ ಬೀರಿರುವುದಿಲ್ಲ.

ಭಾನುವಾರ ಮಧ್ಯಾಹ್ನ ಸಿರಿ ಎನ್‌ಕ್ಲೇವ್. ಕಮಾನು, ಗೇಟು, ಕ್ಯಾಮೆರಾ, ಮೂವತ್ತು ಅಡಿ ರಸ್ತೆ, ಸಾಲು ದೀಪ. ಗೇಟಿನಲ್ಲಿದ್ದ ಕಾವಲುಗಾರ ಸಿದ್ದೇಶ್‌ಗೆ ಅದೇ ಪ್ರಶ್ನೆ ಕೇಳಲಾಗಿ, ‘ಇಲ್ಲಿ ಕಂಪ್ಲೇಂಟೇ ಇಲ್ಲ ಬಿಡ್ರಿ’ ಎಂದು ಉತ್ತರಿಸಿದ. ಕುಂದುಕೊರತೆ: ಸೊನ್ನೆ. ವಿಚಾರಿಸಲಾದ ನಿವಾಸಿಗಳ ಸಂಖ್ಯೆ: —

ನನ್ನ ಅನುಭವದಲ್ಲಿ ಒಂದು ಹಳ್ಳಿ ನೆಮ್ಮದಿಯಾಗಿದೆಯೇ ಎಂಬುದನ್ನು ಅಲ್ಲಿಂದ ಬರುವ ಅರ್ಜಿಗಳಿಂದ ಅಳೆಯಬಹುದು. ಅದರಂತೆ ಇಪ್ಪತ್ತೇಳಕ್ಕೆ ಸೊನ್ನೆಯ ಅಂತರದಲ್ಲಿ ಸಿರಿ ಎನ್‌ಕ್ಲೇವ್ ಸುರಕ್ಷಿತವೆಂದು ತೀರ್ಮಾನಿಸಲಾಗಿದೆ. ಅದು ನಿನ್ನ ತವರಿನಿಂದ ನಡೆದು ಹದಿನೆಂಟು ನಿಮಿಷದ ದೂರದಲ್ಲಿದೆ. ಗೋಕಟ್ಟೆಗಾದರೆ ಒಂದು ಬಸ್ಸು, ಎರಡು ಆಟೋ. ಈ ಅಂಶವನ್ನು ತೀರ್ಮಾನಕ್ಕೆ ಪರಿಗಣಿಸಿರುವುದಿಲ್ಲ.

ಸಹಿ/-
ಸಣ್ಣಬೀರಪ್ಪ


ನಿಟ್ಟುವಳ್ಳಿ
೧೨-೧೧-೨೦೨೫

ಮಾನ್ಯರೇ,

ತಮ್ಮ ವರದಿಯನ್ನು ಅರ್ಜಿದಾರಳು ಮೂರು ಸಲ ಓದಿರುತ್ತಾಳೆ. ಮೊದಲ ಸಲ ನಕ್ಕಳು. ಮೂರನೆಯ ಸಲ ನಗು ಬರಲಿಲ್ಲ.

ಒಂದು, ನಾನು ಕೇಳಿದ ಪ್ರಶ್ನೆಗೆ ಉತ್ತರವೇ ಇಲ್ಲ. ಒಂಬತ್ತೂಕಾಲಿಗೆ ಯಾರಿರುತ್ತಾರೆಂದು ಕೇಳಿದೆ. ನೀವು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ ಹೋಗಿ ಬಂದಿರಿ. ಎರಡು, ಗೋಕಟ್ಟೆಯಲ್ಲಿ ಹತ್ತೊಂಬತ್ತು ಜನರನ್ನು ವಿಚಾರಿಸಿದಿರಿ. ಸಿರಿಯಲ್ಲಿ ಎಷ್ಟು ಜನರನ್ನು? ಆ ಕಾಲಂನಲ್ಲಿ ಒಂದು ಗೀಟು ಎಳೆದು ಬಿಟ್ಟಿದ್ದೀರಿ. ಖಾಲಿ ಕಾಲಂ ಇರುವ ಅರ್ಜಿಯನ್ನು ನೀವೇ ಜನರಿಗೆ ವಾಪಸು ಕೊಡುತ್ತಿದ್ದಿರಿ. ನಾನು ಚಿಕ್ಕವಳಿದ್ದಾಗ ನಿಮ್ಮ ಪಕ್ಕ ಕುಳಿತು ನೋಡಿದ್ದೇನೆ.

ಮೂರನೆಯದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸಿರಿಯನ್ನು ನೀವು ಆರಿಸಿದ್ದು ಕಾರ್ಖಾನೆಗೆ ಹತ್ತಿರವೆಂದು ಅಲ್ಲವೇ? ಅಳಿಯನ ಮುಕ್ಕಾಲು ಗಂಟೆ ತೂಕದ್ದು, ಮಗಳದ್ದು ಹಗುರ. ನನ್ನ ಕೆಲಸ ಇವತ್ತಲ್ಲ ನಾಳೆ ಬಿಡುವಂಥದು ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ನೇರವಾಗಿ ಬರೆಯಿರಿ. ನಿಮ್ಮ ಅಳಿಯನಿಗೇ ಆ ಯೋಚನೆ ಇಲ್ಲ. ‘ನಾನು ಬೆಳಕಿನಾಗ ಹೋಗಾವ, ನೀನು ಕತ್ತಲಾಗ ಬರಾಕಿ. ದೂರ ನಂಗಿರ್ಲಿ ಬಿಡು’ ಎಂದು ಅವರು ಹೇಳಿ ಹದಿನೈದು ದಿನವಾಯಿತು.

ಇಂತಿ
ಅರ್ಜಿದಾರಳು


ಹರಿಹರ
೧೪-೧೧-೨೦೨೫

ತಮ್ಮ ದಿನಾಂಕ ೧೨ರ ಪತ್ರ ತಲುಪಿದೆ. ಖಾಲಿ ಕಾಲಂ ಕುರಿತ ಆಕ್ಷೇಪಣೆಯನ್ನು ದಾಖಲಿಸಿಕೊಳ್ಳಲಾಗಿದೆ. ಮೂರನೆಯ ಅಂಶವನ್ನು ಪರಿಶೀಲನೆಗೆ ಬಾಕಿ ಇರಿಸಲಾಗಿದೆ. ಮುಂದಿನ ಪತ್ರದವರೆಗೆ ಫೋನು ಮಾಡುವ ಅಗತ್ಯವಿರುವುದಿಲ್ಲ.

ಸಹಿ/-
ಸಣ್ಣಬೀರಪ್ಪ


ನಿಟ್ಟುವಳ್ಳಿ
೨೨-೧೧-೨೦೨೫

ಅಪ್ಪ,

ಎಂಟು ದಿನವಾಯಿತು. ಡಬ್ಬಿಯ ಚೀಲದಲ್ಲಿ ಬರೀ ಡಬ್ಬಿ ಬರುತ್ತಿದೆ. ಅವ್ವನಿಗೆ ಫೋನು ಮಾಡಿದರೆ, ‘ನಿಮ್ಮಪ್ಪ ದಿನಾ ಸಂಜೀಕೆ ಚಪ್ಲಿ ಮೆಟ್ಕಂಡು ಹೋಗ್ತಾರವ್ವ. ಎಲ್ಲಿಗೆ ಅಂದ್ರೆ ತನಿಖೆ ಅಂತಾರೆ. ಮಾತು ಕಮ್ಮಿ ಆಗೈತೆ, ಊಟ ಕಮ್ಮಿ ಆಗಿಲ್ಲ’ ಎಂದಳು. ಊಟದ ಸುದ್ದಿ ಕೇಳಿ ಸಮಾಧಾನವಾಯಿತು.

‘ತಮ್ಮ ಪತ್ರ’ ಎಂದು ಬರೆದಿರಲ್ಲ, ಅದು ಚುಚ್ಚಿತು. ನಾನು ಮಾನ್ಯರೇ ಎಂದು ಮೊದಲು ಬರೆದದ್ದು ನಿಜ. ಅಲ್ಲಿಗೆ ಸರಿಗೆ ಸರಿ ಮಾಡಿಕೊಳ್ಳೋಣ.

ಮೊನ್ನೆ ಗುರುವಾರ, ನನ್ನ ವಾರದ ರಜೆಯ ದಿನ, ಇವರೂ ನಾನೂ ಗೋಕಟ್ಟೆಗೆ ಹೋಗಿದ್ದೆವು. ನಾನು ನಿಮ್ಮ ಮಗಳು ಎಂದು ತಿಳಿದದ್ದೇ ತಡ, ಮೆಹರ್ ಬಾನು ಅಕ್ಕ ಸೂಜಿ ಬಾಯಲ್ಲಿಟ್ಟುಕೊಂಡೇ ಬಂದು ಹಿಡಿದುಕೊಂಡರು. ‘ಅಜ್ಜಾರು ಎಲ್ಲಾ ಬರ್ಕಂಡು ಹೋದ್ರು. ಅರ್ಜಿ ಎಲ್ಲಿಗೆ ಬಂತು?’ ಪಾಲಯ್ಯನವರು, ‘ಲೈಟ್ ಯಾವತ್ತು ಹಾಕ್ತಾರಂತೆ?’ ಎಂದು ದಿನಾಂಕವನ್ನೇ ಕೇಳಿದರು. ನಾನು ಏನು ಹೇಳಲಿ? ನಮ್ಮಪ್ಪ ಮನೆ ನೋಡಲು ಬಂದವರು, ನಿಮ್ಮ ದೂರು ಎಣಿಸಿ ನಿಮ್ಮ ಬೀದಿಯನ್ನು ಫೇಲು ಮಾಡಿದರು ಎನ್ನಲೇ? ಫೈಲು ಒಯ್ಯಬೇಡಿ ಎಂದದ್ದು ಇದಕ್ಕೇ. ಬರೆದುಕೊಂಡ ಮೇಲೆ ಸಲ್ಲಿಸಬೇಕಲ್ಲ ಅಪ್ಪ?

ಎರಡು ಮಾತು ತಪ್ಪೊಪ್ಪಿಗೆ. ಬೈಕಿನವರು ಹಿಂಬಾಲಿಸಿದ್ದು ಸುಧಾ ಸಿಸ್ಟರನ್ನಲ್ಲ, ನನ್ನನ್ನು. ನೀವಿಬ್ಬರೂ ಹೆದರುತ್ತೀರೆಂದು ಅವರ ಹೆಸರು ಹಾಕಿದೆ. ಇನ್ನೊಂದು, ನಿನ್ನೆ ನಿಮ್ಮ ವರದಿಯನ್ನು ನಾಲ್ಕನೆಯ ಸಲ ಓದಿದೆ. ‘ನಡೆದು ಹದಿನೆಂಟು ನಿಮಿಷ’ ಎಂಬ ಸಾಲನ್ನು ಅಷ್ಟು ದಿನ ದಾಟಿಕೊಂಡು ಹೋಗಿದ್ದೆ. ಅಳಿಯನ ಕಾರ್ಖಾನೆ ನಿಮ್ಮ ತಲೆಯಲ್ಲಿ ಇರಲೇ ಇಲ್ಲ ಅಲ್ಲವೇ? ಗಡಿಯಾರ ನೋಡಿಕೊಂಡು ನಡೆದಿದ್ದೀರಿ.

ಇವರ ಜೊತೆ ಮಾತಾಡಿದ್ದೇನೆ. ನಿಮಗೆ ನಾವು ಹತ್ತಿರ ಬೇಕೆಂದಿದ್ದರೆ ಸಿರಿಯನ್ನೇ ಕೊಳ್ಳುತ್ತೇವೆ. ಆದರೆ ಇಪ್ಪತ್ತೇಳಕ್ಕೆ ಸೊನ್ನೆ ಎಂಬ ಲೆಕ್ಕದ ಮೇಲಲ್ಲ, ಹದಿನೆಂಟು ನಿಮಿಷದ ಲೆಕ್ಕದ ಮೇಲೆ. ಹಾಗೆಂದು ನೀವು ಒಂದು ಸಾಲು ಬರೆದರೆ ಸಾಕು. ಇನ್ನು ಎಂಟು ದಿನ ಇದೆ.

ನಿಮ್ಮ
ಚೈತ್ರಾ


ಹರಿಹರ
೨೬-೧೧-೨೦೨೫

ಮಗಳೇ,

ವಿಷಯ, ಉಲ್ಲೇಖ, ಮುಖಾಂತರ ಇವುಗಳನ್ನು ಈ ಪತ್ರದಲ್ಲಿ ಬಿಟ್ಟಿದ್ದೇನೆ. ಒಳ್ಳೆಯ ಕಾಗದವೆಲ್ಲ ಬೇರೊಂದು ಕೆಲಸಕ್ಕೆ ಬೇಕಾಯಿತು.

ನಿನ್ನ ಆಕ್ಷೇಪಣೆ ಸರಿಯಾಗಿತ್ತು. ಖಾಲಿ ಕಾಲಂ ತುಂಬುವ ಸಲುವಾಗಿ ನಾನು ಐದು ಸಂಜೆ ಸಿರಿ ಎನ್‌ಕ್ಲೇವಿಗೆ ಹೋದೆ. ದೀಪಗಳೆಲ್ಲ ಝಗಝಗ ಉರಿಯುತ್ತಿದ್ದವು. ವಿಚಾರಿಸಲು ಒಂದು ನರಪಿಳ್ಳೆಯೂ ಸಿಗಲಿಲ್ಲ. ಅರವತ್ತನಾಲ್ಕು ನಿವೇಶನಗಳಲ್ಲಿ ಮನೆ ಎದ್ದಿರುವುದು ಮೂರು. ಅದರಲ್ಲಿ ಎರಡಕ್ಕೆ ಬೀಗ. ಮೂರನೆಯದೇ ನೀವು ಮೆಚ್ಚಿದ್ದು. ಒಮ್ಮೆ ಕೆಮ್ಮಿದೆ, ನನ್ನ ಕೆಮ್ಮೇ ಕಾಂಪೌಂಡಿಗೆ ಬಡಿದು ವಾಪಸು ಬಂತು. ಐದನೆಯ ಸಂಜೆ ಸಿದ್ದೇಶ್ ನಗಾಡುತ್ತ, ‘ಯಜಮಾನ್ರ, ಕಂಪ್ಲೇಂಟ್ ಮಾಡಾಕ ಜನ ಬೇಕಲ್ರೀ’ ಎಂದ. ‘ನಾನೂ ಎಂಟಕ್ಕೆ ಮನೀಗೆ ಹೋಕ್ಕೀನಿ. ನೀವು ಒಬ್ರೇ ಕೂಡ್ರಬ್ಯಾಡ್ರಿ.’

ಮೂವತ್ತೊಂದು ವರ್ಷ ದೂರುಗಳನ್ನು ಬರೆದವನಿಗೆ ದೂರು ಎಲ್ಲಿಂದ ಬರುತ್ತದೆ ಎಂಬುದು ಹೊಳೆದಿರಲಿಲ್ಲ. ದೂರಲು ಮೊದಲು ಜನ ಇರಬೇಕು, ಎಚ್ಚರವಾಗಿರಬೇಕು. ಈ ಮಾತನ್ನು ಒಬ್ಬ ಕಾವಲುಗಾರನಿಂದ ಕಲಿಯಬೇಕಾಯಿತೆಂಬ ಸಂಕೋಚದಿಂದ ತನಿಖೆ ಮುಗಿದ ಮೇಲೂ ಪತ್ರ ಬರೆಯಲಿಲ್ಲ. ನಿನ್ನ ಮೇಲಿನ ಕೋಪದಿಂದಲ್ಲ.

ಅಷ್ಟರಲ್ಲಿ ನಿನ್ನ ಪತ್ರ ಬಂತು. ಸುಧಾ ಸಿಸ್ಟರ್ ಎಂಬಲ್ಲಿ ನಿನ್ನ ಹೆಸರು ಇಟ್ಟು ಓದಿಕೊಂಡೆ. ನಿನ್ನ ಅವ್ವನಿಗೆ ಅದನ್ನು ಓದಿ ಹೇಳಲಿಲ್ಲ. ಅವಳು ನನ್ನ ಮುಖವನ್ನೇ ಓದಿಕೊಂಡು, ‘ಹೋಗಿ ಬರ್ರಿ’ ಎಂದಳು.

ಸೋಮವಾರ ರಾತ್ರಿ ಒಂಬತ್ತೂಕಾಲಿಗೆ ಸರಿಯಾಗಿ ಗೋಕಟ್ಟೆಯ ತಿರುವಿನಲ್ಲಿ ಆಟೋ ಇಳಿದೆ. ಫೈಲು ಕೊಂಡೊಯ್ಯಲಿಲ್ಲ. ಮುಖ ಮರೆಯಾಗುವಂತೆ ಶಾಲು ಹೊದ್ದು, ಅಪರಿಚಿತನಂತೆ ಮೂರನೇ ಕಂಬದ ಕತ್ತಲಿಗೆ ಕಾಲಿಟ್ಟೆ. ನಾಯಿಗಳು ತಮ್ಮ ಕರ್ತವ್ಯ ನಿರ್ವಹಿಸಿದವು. ಉಡಚಮ್ಮನವರ ರೇಡಿಯೋ ನಿಂತಿತು. ‘ಯಾರದು?’ ಹೊಲಿಗೆ ಯಂತ್ರ ನಿಂತಿತು. ಮೆಹರ್ ಬಾನು ಕತ್ತರಿ ಹಿಡಿದೇ ಹೊರಗೆ ಬಂದು, ‘ಯಾರ್ರೀ? ಯಾರ ಮನಿ ಬೇಕು? ಮೊದ್ಲು ಮುಖದ ಮ್ಯಾಗಿಂದು ತೆಗೀರಿ’ ಎಂದರು. ಷಟಲ್ ಆಡುತ್ತಿದ್ದವರು 
ಬ್ಯಾಟು ಹಿಡಿದು ಅಡ್ಡ ನಿಂತರು. ಪಾಲಯ್ಯ ಅರ್ಧ ಎಳೆದ ಶೆಟರಿನಡಿಯಿಂದ ಬಗ್ಗಿ ಬಂದು ಬ್ಯಾಟರಿಯನ್ನು ನೇರ ನನ್ನ ಕಣ್ಣಿಗೆ ಬಿಟ್ಟರು.

‘ನಾನ್ರೀ, ಅರ್ಜಿ ಬರ್ಕಂಡು ಹೋದವ’ ಎಂದೆ.

‘ಅಯ್ಯ ಅಜ್ಜಾರ! ನಮ್ ಓಣ್ಯಾಗ ಹಗಲು ಬಂದ್ರೆ ಚಾ, ರಾತ್ರಿ ಬಂದ್ರೆ ಬ್ಯಾಟ್ರಿ’ ಎಂದು ಮೆಹರ್ ಬಾನು ಕತ್ತರಿ ಕೆಳಗಿಳಿಸಿದರು.

‘ಲೈಟ್ ಹಾಕ್ಸಿದ್ರೆ ಮುಖ ಕಾಣ್ತಿತ್ತು. ನಿಮ್ದೇ ತಪ್ಪು’ ಎಂದು ಉಡಚಮ್ಮ ತೀರ್ಪು ಕೊಟ್ಟರು.

ಐದು ಕಂಬಗಳ ಕತ್ತಲೆಯಲ್ಲಿ ಆರು ಬಾಗಿಲು ತೆರೆದವು. ನನ್ನ ಎಪ್ಪತ್ತೆರಡು ವರ್ಷಗಳಲ್ಲಿ ಒಂದೇ ರಾತ್ರಿ ಇಷ್ಟು ಜನ ನನ್ನನ್ನು ಸಂಶಯಿಸಿದ್ದಿಲ್ಲ. ನಿಂತಲ್ಲೇ ಸಂತೋಷವಾಯಿತು. ಚಹಾ ಮತ್ತೆ ಬಂತು. ಕೊನೆಯ ಬಸ್ಸಿಗೆ ಪಾಲಯ್ಯನವರೇ ಬೈಕಿನಲ್ಲಿ ಬಿಟ್ಟರು.

ಆದುದರಿಂದ ನೀನು ಕೇಳಿದ ಒಂದೇ ಪ್ರಶ್ನೆಗೆ ಉತ್ತರ: ಇದ್ದಾರೆ. ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇದ್ದಾರೆ. ಗೋಕಟ್ಟೆಯ ಮನೆಗೆ ಮುಂಗಡ ಕೊಡು. ನನ್ನಿಂದ ಬೇಕೆಂದು ನೀನು ಕೇಳಿದ ಇನ್ನೊಂದು ಸಾಲನ್ನು ನಾನು ಬರೆಯುವುದಿಲ್ಲ. ಹದಿನೆಂಟು ನಿಮಿಷ ನಡೆದದ್ದು ನಿಜ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಗಡಿಯಾರ ನೋಡಿದ್ದೂ ನಿಜ. ಅದನ್ನು ದಾಖಲೆಯಿಂದ ತೆಗೆದುಹಾಕತಕ್ಕದ್ದು. ಅಳಿಯಂದಿರಿಗೆ ನನ್ನ ವಂದನೆ ತಿಳಿಸು. ದೂರ ತನಗಿರಲಿ ಎಂದವರು ಅವರು.

ಇನ್ನು ಅರ್ಜಿಯ ಮಾತು. ಬರೆದುಕೊಂಡ ಮೇಲೆ ಸಲ್ಲಿಸಬೇಕು, ನೀನು ಹೇಳಿದ್ದು ನ್ಯಾಯ. ಬೀದಿದೀಪದ ಅರ್ಜಿಯನ್ನು ನಿನ್ನೆ ಶುದ್ಧಪ್ರತಿ ಮಾಡಿ, ಮನೆಮನೆಗೆ ಹೋಗಿ ಸಹಿ ಪಡೆದಿದ್ದೇನೆ. ನಾನು ಆ ಬೀದಿಯ ನಿವಾಸಿಯಲ್ಲವಾದ್ದರಿಂದ ನಾನು ಸಹಿ ಮಾಡುವಂತಿಲ್ಲ. ಕೊನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಇದು ಬೇಕೆಂದೇ ಬಿಟ್ಟದ್ದು. ಮುಂಗಡ ಕೊಟ್ಟ ದಿನ ನೀನು ಅದನ್ನು ತುಂಬಿ ಕಳಿಸು. ಸೋಮವಾರ ನಾನೇ ಪಾಲಿಕೆಗೆ ಸಲ್ಲಿಸುತ್ತೇನೆ.

ಸಲ್ಲಿಸಿ ಮನೆಯಲ್ಲಿ ಕೂರುವುದು ನನ್ನ ಪದ್ಧತಿಯಲ್ಲ. ಪ್ರತಿ ವಾರ ದಾವಣಗೆರೆಗೆ ಬಂದು, ಕಚೇರಿಯಲ್ಲಿ ಅರ್ಜಿಯ ಗತಿ ವಿಚಾರಿಸಿ, ಅದನ್ನು ಸಹಿದಾರರಿಗೆ ಮೊದಲನೆಯವರಿಂದ ಕೊನೆಯವರವರೆಗೆ ಖುದ್ದಾಗಿ ತಿಳಿಸತಕ್ಕದ್ದು. ಕೊನೆಯ ಸಹಿದಾರರ ಮನೆ ತಲುಪುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಇದಕ್ಕೆ ಗುರುವಾರವನ್ನು ಗೊತ್ತುಮಾಡಿದ್ದೇನೆ. ಅದು ನಿನ್ನ ರಜೆಯ ದಿನ ಎಂಬ ಅಂಶವನ್ನು ಪರಿಗಣಿಸಿರುವುದಿಲ್ಲ. ನಿನ್ನ ಅವ್ವ ತಾನೂ ತನಿಖೆಗೆ ಬರುವುದಾಗಿ ಹೇಳುತ್ತಿದ್ದಾಳೆ.

ದೀಪ ಬೇಗ ಹತ್ತಿಬಿಟ್ಟರೆ ಮುಂದೇನು ಎಂದು ಅವಳು ಕೇಳಿದಳು. ಪಟ್ಟಿಯನ್ನು ತೋರಿಸಿದೆ. ಒಂದೊಂದಕ್ಕೂ ಒಂದೊಂದು ಅರ್ಜಿ.

ಸಹಿ/-
ನಿನ್ನ ಅಪ್ಪ

ಲಗತ್ತುಗಳು:
೧. ಬೀದಿದೀಪದ ಅರ್ಜಿ, ಶುದ್ಧಪ್ರತಿ. ಸಹಿಗಳು ನಲವತ್ತಮೂರು, ನಲವತ್ತನಾಲ್ಕನೆಯ ಸಾಲು ಖಾಲಿ.
೨. ಉಳಿದ ಇಪ್ಪತ್ತಾರು ಕುಂದುಕೊರತೆಗಳ ಪಟ್ಟಿ. ಅವಸರವಿಲ್ಲ.